ಜೇಡ್ ಕಲ್ಲಿನ ನಶ್ಯದ ಕುಪ್ಪಿಗಳು: ಕೆತ್ತನೆಯೊಳಗಿನ ಮಾತು ಮತ್ತು ವಿಮರ್ಶೆಯ ಮೌನ

1. ಪ್ರವೇಶ

ಚೀನಾದ ಚಿಂಗ್ ರಾಜವಂಶದ ಕಾಲದಲ್ಲಿ (1644–1911) ತಯಾರಾದ ಜೇಡ್ ಕಲ್ಲಿನ ನಶ್ಯದ ಕುಪ್ಪಿಗಳು ಇಂದು ಜಗತ್ತಿನ ಅನೇಕ ವಸ್ತು ಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಸೇರಿಕೊಂಡಿವೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಸಾಮಾನ್ಯವಾಗಿ ಐದರಿಂದ ಎಂಟು ಸೆಂಟಿಮೀಟರ್ ಎತ್ತರದ ಈ ಕುಪ್ಪಿಗಳನ್ನು ಕುರಿತು ಬಂದಿರುವ ಬರವಣಿಗೆ ಮಾತ್ರ ಗಾತ್ರದಲ್ಲಿ ಸಣ್ಣದಲ್ಲ. ಆ ಬರವಣಿಗೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸಂಗ್ರಾಹಕರ ದೃಷ್ಟಿಯದು. ಕಲ್ಲು ಯಾವುದು, ಬಣ್ಣ ಎಷ್ಟು ಶುದ್ಧ, ಯಾವ ಚಕ್ರವರ್ತಿಯ ಕಾಲದ್ದು, ಕೈಕೆಲಸ ಎಷ್ಟು ಸೂಕ್ಷ್ಮ ಎಂಬ ಪ್ರಶ್ನೆಗಳು ಅಲ್ಲಿ ಪ್ರಧಾನ. ಎರಡನೆಯದು ಸಂಕೇತ ಕೋಶಗಳ ದೃಷ್ಟಿಯದು. ಬಾವಲಿ ಎಂದರೆ ಭಾಗ್ಯ, ಮೀನು ಎಂದರೆ ಸಮೃದ್ಧಿ, ಲಾವುಗೆ ಹಕ್ಕಿ ಎಂದರೆ ನೆಮ್ಮದಿ ಎಂಬ ಪಟ್ಟಿಗಳು ಅಲ್ಲಿ ಪ್ರಧಾನ.

ಈ ಎರಡೂ ಬಗೆಯ ಅಧ್ಯಯನಗಳು ಅಗತ್ಯವಾದವೇ ಆಗಿವೆ. ಆದರೆ ಕೆತ್ತನೆಯನ್ನು ಕಣ್ಣಿನ ವಿಷಯವೆಂದು ಭಾವಿಸುವುದು ಎರಡಕ್ಕೂ ಸಮಾನವಾದ ಮಿತಿಯಾಗಿದೆ. ಈ ಕುಪ್ಪಿಗಳ ಮೇಲಿನ ಕೆತ್ತನೆ ಬಹುಮಟ್ಟಿಗೆ ಆಡುನುಡಿಯಿಂದ ಹುಟ್ಟಿದ ಹಾರೈಕೆಯಾಗಿದ್ದು, ಅದು ಪೂರ್ಣಗೊಳ್ಳುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಲ್ಲುವ ಸಂದರ್ಭದಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ. ವಸ್ತು ಸಂಗ್ರಹಾಲಯವು ವಸ್ತುವನ್ನು ಉಳಿಸಿಕೊಂಡಿತು. ಜಾನಪದ ಅಧ್ಯಯನವು ತನ್ನ ಆರಂಭದ ದಶಕಗಳಲ್ಲಿ ಮಾತನ್ನು ಉಳಿಸಿಕೊಂಡಿತು. ನಶ್ಯದ ಕುಪ್ಪಿಯಂತಹ ವಸ್ತು ಈ ಎರಡರ ನಡುವೆ ಬಿದ್ದುಹೋಗಿದೆ. ಅದನ್ನು ಮತ್ತೆ ಎತ್ತಿಕೊಳ್ಳಲು ಯಾವ ಬಗೆಯ ವಿಮರ್ಶೆ ಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ನಶ್ಯ ಬಂದ ದಾರಿ

ಹೊಗೆಸೊಪ್ಪು ಅಮೆರಿಕ ಖಂಡದ ಬೆಳೆ. ಹದಿನಾರನೆಯ ಶತಮಾನದ ಕೊನೆಯಲ್ಲಿ ಮತ್ತು ಹದಿನೇಳನೆಯ ಶತಮಾನದ ಆರಂಭದಲ್ಲಿ ಯುರೋಪಿನ ಹಡಗುಗಳ ಮೂಲಕ ಅದು ಏಷ್ಯಾದ ಕರಾವಳಿಗಳನ್ನು ತಲುಪಿತು. ಅಕ್ಬರನ ಆಸ್ಥಾನಕ್ಕೆ ಹೊಗೆಸೊಪ್ಪನ್ನು ಅಸದ್ ಬೇಗ್ ಎಂಬ ಅಧಿಕಾರಿ ಒಯ್ದದ್ದು ನಮ್ಮ ಬಿಜಾಪುರದಿಂದ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಅದೇ ಕಾಲಘಟ್ಟದಲ್ಲಿ ಫಿಲಿಪ್ಪೀನ್ಸ್ ದ್ವೀಪಗಳ ಕಡೆಯಿಂದ ದಕ್ಷಿಣ ಚೀನಾದ ಫೂಜಿಯನ್ ಕರಾವಳಿಗೂ ಅದು ಬಂದಿತ್ತು. 1639ರಲ್ಲಿ ಮಿಂಗ್ ವಂಶದ ಕೊನೆಯ ಚಕ್ರವರ್ತಿ ಹೊಗೆಸೊಪ್ಪನ್ನು ನಿಷೇಧಿಸಿದನಾದರೂ ಬಳಕೆ ನಿಲ್ಲಲಿಲ್ಲ.

ನಶ್ಯದ ರೂಢಿ ಇದಕ್ಕಿಂತ ತುಸು ತಡವಾಗಿ, ಯುರೋಪಿನ ಪಾದ್ರಿಗಳ ಮತ್ತು ರಾಯಭಾರಿಗಳ ಮೂಲಕ ಅರಮನೆಯನ್ನು ಪ್ರವೇಶಿಸಿತು. 1684ರಲ್ಲಿ ದಕ್ಷಿಣದ ಪ್ರವಾಸದಲ್ಲಿದ್ದ ಕಾಂಗ್‌ಶಿ ಚಕ್ರವರ್ತಿಗೆ ನಾನ್‌ಜಿಂಗ್‌ನಲ್ಲಿ ಜೆಸ್ಯೂಟ್ ಪಾದ್ರಿಗಳು ಕಾಣಿಕೆಗಳನ್ನು ಒಪ್ಪಿಸಿದಾಗ, ಉಳಿದವನ್ನು ಹಿಂತಿರುಗಿಸಿದ ಚಕ್ರವರ್ತಿ ನಶ್ಯವನ್ನು ಮಾತ್ರ ಇರಿಸಿಕೊಂಡನೆಂದು ದಾಖಲೆಯಿದೆ. 1696ರಲ್ಲಿ ಕಿಲಿಯನ್ ಸ್ಟುಂಫ್ ಎಂಬ ಜೆಸ್ಯೂಟನ ಉಸ್ತುವಾರಿಯಲ್ಲಿ ಬೀಜಿಂಗ್‌ನಲ್ಲಿ ಅರಮನೆಯ ಗಾಜಿನ ಕಾರ್ಯಾಗಾರ ಆರಂಭವಾಯಿತು. ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ ವಿದ್ವಾಂಸ ವಾಂಗ್ ಶಿಚೆನ್ (1634–1711) ನಶ್ಯವು ಕಣ್ಣಿಗೆ ಹಿತವೆಂದೂ ಸಾಂಕ್ರಾಮಿಕ ರೋಗಗಳನ್ನು ತಡೆಯುತ್ತದೆಂದೂ, ಅದನ್ನು ಬಗೆಬಗೆಯ ಬಣ್ಣದ ಗಾಜಿನ ಕುಪ್ಪಿಗಳಲ್ಲಿ ಇಡುತ್ತಾರೆಂದೂ ಬರೆದನು. ನಶ್ಯವು ಮೊದಲು ಔಷಧಿಯ ಸ್ಥಾನದಲ್ಲಿ ಬಂದು ಆಮೇಲೆ ಶಿಷ್ಟಾಚಾರದ ಸ್ಥಾನಕ್ಕೆ ಏರಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯುರೋಪಿನಲ್ಲಿ ನಶ್ಯವನ್ನು ಚಪ್ಪಟೆಯಾದ ಡಬ್ಬಿಯಲ್ಲಿ ಇಡುತ್ತಿದ್ದರು. ಚೀನಾದ ತೇವದ ಹವೆಯಲ್ಲಿ ಡಬ್ಬಿಯೊಳಗಿನ ಪುಡಿ ಬೇಗ ಕೆಡುತ್ತಿತ್ತು. ಆದುದರಿಂದ ಅಲ್ಲಿನವರು ತಮ್ಮಲ್ಲಿ ಮೊದಲೇ ಇದ್ದ ಔಷಧಿಯ ಸಣ್ಣ ಕುಪ್ಪಿಯನ್ನು ಈ ಹೊಸ ಪುಡಿಗೆ ಒಗ್ಗಿಸಿಕೊಂಡರು. ಇಕ್ಕಟ್ಟಾದ ಬಾಯಿ, ಬಿಗಿಯಾದ ಬಿರಡೆ, ಬಿರಡೆಗೆ ಅಂಟಿಕೊಂಡ ಪುಟ್ಟ ಚಮಚ ಇವು ಅದರ ಅಂಗಗಳು. ಚಮಚದಿಂದ ತೆಗೆದ ನಶ್ಯವನ್ನು ಚಿಕ್ಕ ತಟ್ಟೆಯ ಮೇಲೋ ಹೆಬ್ಬೆರಳಿನ ಉಗುರಿನ ಮೇಲೋ ಇಟ್ಟು ಸೇದುತ್ತಿದ್ದರು. ಹೊರಗಿನಿಂದ ಬಂದ ಪದಾರ್ಥಕ್ಕೆ ದೇಶೀಯವಾದ ಪಾತ್ರೆ ಒದಗಿ ಬಂದ ಈ ಪ್ರಸಂಗ ಸಂಸ್ಕೃತಿ ಪ್ರಸರಣವನ್ನು ಅಧ್ಯಯನ ಮಾಡುವವರಿಗೆ ಒಳ್ಳೆಯ ನಿದರ್ಶನವಾಗಿದೆ. ಚಕ್ರವರ್ತಿಗಳು ಅಧಿಕಾರಿಗಳಿಗೆ ಕುಪ್ಪಿಗಳನ್ನು ಬಹುಮಾನವಾಗಿ ಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೂಢಿ ಅರಮನೆಯ ಗೋಡೆ ದಾಟಿ ವರ್ತಕರಿಗೂ ಸಾಮಾನ್ಯ ಜನರಿಗೂ ಹರಡಿತು. ಕುಪ್ಪಿಯ ಬಾಳಿನಲ್ಲಿ ಕೊಡುಗೆ ಎಂಬುದು ಆರಂಭದಿಂದಲೂ ಇತ್ತು ಎಂಬ ಅಂಶ ಮುಂದಿನ ಚರ್ಚೆಗೆ ಮುಖ್ಯವಾಗಿದೆ.

3. ಕಲ್ಲು ಮತ್ತು ಕೈಕೆಲಸ

ಜೇಡ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಖನಿಜಗಳಿವೆ. ಒಂದು ನೆಫ್ರೈಟ್, ಇನ್ನೊಂದು ಜೇಡೈಟ್. ಇವೆರಡೂ ಬೇರೆಯೆಂದು 1863ರಲ್ಲಿ ಫ್ರೆಂಚ್ ಖನಿಜ ವಿಜ್ಞಾನಿ ಅಲೆಕ್ಸಿಸ್ ದಾಮೂರ್ ತೋರಿಸಿಕೊಟ್ಟನು. ಚೀನಾದ ಪ್ರಾಚೀನ ಪರಂಪರೆಯ ‘ಯು’ ಎಂಬುದು ಮುಖ್ಯವಾಗಿ ನೆಫ್ರೈಟ್. ಅದರ ಬಹು ದೊಡ್ಡ ಮೂಲ ಪಶ್ಚಿಮದ ಖೋತಾನ್ ಪ್ರದೇಶ. ಅಲ್ಲಿನ ಯುರುಂಗ್‌ಕಾಶ್ ಮತ್ತು ಕರಾಕಾಶ್ ನದಿಗಳ ಹೆಸರುಗಳ ಅರ್ಥವೇ ಬಿಳಿಯ ಜೇಡ್, ಕರಿಯ ಜೇಡ್ ಎಂದಾಗುತ್ತದೆ. 1759ರ ಹೊತ್ತಿಗೆ ಆ ಪ್ರದೇಶ ಚಿಯೆನ್‌ಲುಂಗ್ ಚಕ್ರವರ್ತಿಯ ವಶವಾದ ಮೇಲೆ ಜೇಡ್ ಕಲ್ಲು ಹೇರಳವಾಗಿ ಬರತೊಡಗಿತು. ಎಲೆಹಸಿರಿನ ಜೇಡೈಟ್ ಬರ್ಮಾದ ಉತ್ತರದ ಕಾಚಿನ್ ಪ್ರದೇಶದಿಂದ ಬರುತ್ತಿತ್ತು.

ಕೆತ್ತನೆ ಎಂಬ ಮಾತನ್ನು ರೂಢಿಯಿಂದ ಬಳಸುತ್ತೇವಾದರೂ ಜೇಡ್ ಕಲ್ಲನ್ನು ಉಳಿ ಸುತ್ತಿಗೆಗಳಿಂದ ಕೆತ್ತಲಾಗುವುದಿಲ್ಲ. ಅದರ ಗಡಸುತನ ಉಕ್ಕಿನಷ್ಟೇ ಅಥವಾ ಅದಕ್ಕೂ ಮಿಗಿಲು. ಒಳಗಿನ ಎಳೆಗಳು ಹೆಣೆದುಕೊಂಡಿರುವುದರಿಂದ ನೆಫ್ರೈಟ್ ಸುಲಭವಾಗಿ ಒಡೆಯುವುದೂ ಇಲ್ಲ. ಕಾಲಿನಿಂದ ತುಳಿದು ತಿರುಗಿಸುವ ಅಚ್ಚಿಗೆ ಲೋಹದ ಬಿಲ್ಲೆಯನ್ನು ಸಿಕ್ಕಿಸಿ, ಬೆಣಚು, ಕುರುಂದ ಮೊದಲಾದ ಗಟ್ಟಿ ಕಲ್ಲುಗಳ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕುತ್ತ ಸವೆಸಬೇಕು. ಕಲ್ಲನ್ನು ಕೊರೆಯುವುದು ಆ ಪುಡಿ. ಲೋಹ ಅದನ್ನು ಒತ್ತಿ ಹಿಡಿಯುತ್ತದೆ ಅಷ್ಟೆ. 1637ರ ‘ತಿಯೆನ್‌ಗುಂಗ್ ಕಾಯ್‌ವು’ ಎಂಬ ತಾಂತ್ರಿಕ ಗ್ರಂಥದಲ್ಲಿ ಸುಂಗ್ ಯಿಂಗ್‌ಶಿಂಗ್ ಈ ಕೆಲಸವನ್ನು ವಿವರಿಸಿದ್ದಾನೆ. 1891ರಲ್ಲಿ ಲಿ ಚೆಂಗ್‌ಯುವಾನ್ ಎಂಬಾತ ಚಿತ್ರಿಸಿದ ಚಿತ್ರಮಾಲೆಯಲ್ಲಿ ಜೇಡ್ ಕೆಲಸದ ಒಂದೊಂದು ಹಂತವನ್ನೂ ಕಾಣಬಹುದು.

ಕುಪ್ಪಿಯ ವಿಷಯದಲ್ಲಿ ಅತ್ಯಂತ ಕಷ್ಟದ ಹಂತ ಒಳಗನ್ನು ಟೊಳ್ಳು ಮಾಡುವುದು. ಮೊದಲು ಕೊಳವೆಯಾಕಾರದ ಬೈರಿಗೆಯಿಂದ ನಡುವಿನ ತಿರುಳನ್ನು ತೆಗೆದು, ಅನಂತರ ಬಾಗಿದ ಕಬ್ಬಿಣದ ಸಲಕರಣೆಗಳನ್ನು ಇಕ್ಕಟ್ಟಾದ ಬಾಯಿಯ ಮೂಲಕ ತೂರಿಸಿ ಭುಜದ ಒಳಭಾಗವನ್ನು ಸವೆಸಬೇಕು. ಕೆಲಸಗಾರನಿಗೆ ತಾನು ಮಾಡುತ್ತಿರುವುದು ಕಾಣುವುದಿಲ್ಲ. ಕೈಗೆ ತಿಳಿಯುವ ಒತ್ತಡ ಮತ್ತು ಕಿವಿಗೆ ಕೇಳುವ ಉಜ್ಜುವಿಕೆಯ ಸದ್ದು ಅವನಿಗೆ ದಾರಿ ತೋರುತ್ತವೆ. ನೀರಿನಲ್ಲಿ ತೇಲುವಷ್ಟು ತೆಳುವಾಗಿ ಟೊಳ್ಳು ಮಾಡಿದ ಕುಪ್ಪಿಗಳೂ ಇವೆ. ನದಿಯಲ್ಲಿ ದೊರೆತ ಬೆಣಚುಗಲ್ಲಿನಂತಹ ಉಂಡೆಗಳ ಮೇಲೆ ಕಂದು ಅಥವಾ ಕೆಂಪು ಛಾಯೆಯ ತೊಗಟೆ ಇರುತ್ತದೆ. ಅದನ್ನು ದೋಷವೆಂದು ಕಳೆಯದೆ, ಆ ಬಣ್ಣದಲ್ಲಿಯೇ ಹಕ್ಕಿಯನ್ನೋ ಬಾವಲಿಯನ್ನೋ ಕೋತಿಯನ್ನೋ ಉಬ್ಬಾಗಿ ಮೂಡಿಸಿ, ಬಿಳಿಯ ಒಡಲನ್ನು ಹಿನ್ನೆಲೆಯಾಗಿ ಬಿಡುವುದು ಈ ಕುಶಲಕರ್ಮಿಗಳ ವಿಶೇಷ. ಯಾಂಗ್‌ಚಿ ನದಿಯ ದಕ್ಷಿಣದ ಸುಚೌ ನಗರ ಇಂತಹ ಕೆಲಸಕ್ಕೆ ಪ್ರಸಿದ್ಧವಾಗಿತ್ತು.

4. ಕೆತ್ತನೆಯ ಭಾಷೆ

ಬಾವಲಿಯಿಂದಲೇ ಆರಂಭಿಸಬಹುದು. ನಮ್ಮ ಜನಪದ ನಂಬಿಕೆಗಳಲ್ಲಿ ಬಾವಲಿ ಮನೆಯೊಳಗೆ ಬರುವುದು ಶುಭವಲ್ಲ. ಪಾಳುಗುಡಿ, ಹುಣಸೆ ಮರ, ಕತ್ತಲೆ ಇವು ಅದರ ಸಹಚಾರಿಗಳು. ಜೇಡ್ ಕುಪ್ಪಿಯ ಮೇಲೆ ಬಾವಲಿಗಳ ಗುಂಪನ್ನು ಕಂಡ ಕನ್ನಡ ಪ್ರೇಕ್ಷಕನಿಗೆ ಅದು ಹಾರೈಕೆಯೆಂದು ತೋರಲು ಕಾರಣವೇ ಇಲ್ಲ. ಆದರೆ ಚೀನೀ ಭಾಷೆಯಲ್ಲಿ ಬಾವಲಿಯನ್ನು ಸೂಚಿಸುವ ‘ಫು’ ಮತ್ತು ಭಾಗ್ಯ ಎಂಬ ಅರ್ಥದ ‘ಫು’ ಉಚ್ಚಾರಣೆಯಲ್ಲಿ ಒಂದೇ. ಬಾವಲಿಯ ರೂಪದಲ್ಲಾಗಲಿ ಸ್ವಭಾವದಲ್ಲಾಗಲಿ ಭಾಗ್ಯದ ಲಕ್ಷಣ ಯಾವುದೂ ಇಲ್ಲ. ಅದನ್ನು ಶುಭವಾಗಿಸುವುದು ಅದರ ಹೆಸರಿನ ಸದ್ದು. ಕೆಂಪು ಎಂಬರ್ಥದ ‘ಹುಂಗ್’ ಎಂಬ ಪದ ಅಪಾರ ಎಂಬರ್ಥದ ಇನ್ನೊಂದು ಪದದೊಡನೆ ಸದ್ದಿನಲ್ಲಿ ಕೂಡುವುದರಿಂದ, ಕೆಂಪು ತೊಗಟೆಯಲ್ಲಿ ಮೂಡಿದ ಬಾವಲಿ ‘ಅಪಾರ ಭಾಗ್ಯ’ವಾಗುತ್ತದೆ. ಕಲ್ಲಿನ ತೊಗಟೆಯ ಬಣ್ಣವೂ ಹೀಗೆ ಒಂದು ಪದವಾಗಿ ವಾಕ್ಯದೊಳಗೆ ಸೇರಿಕೊಳ್ಳುತ್ತದೆ.

ಕುದುರೆಯ ಮೇಲೆ ಕುಳಿತ ಕೋತಿ ಮತ್ತು ಹತ್ತಿರದಲ್ಲಿ ಹಾರುವ ಜೇನುನೊಣ ಇನ್ನೊಂದು ಪರಿಚಿತ ಆಶಯ. ‘ಮಾಶಾಂಗ್’ ಎಂದರೆ ಕುದುರೆಯ ಮೇಲೆ. ಆಡುಮಾತಿನಲ್ಲಿ ಅದಕ್ಕೆ ‘ಕೂಡಲೇ’ ಎಂಬ ಅರ್ಥವೂ ಇದೆ. ಜೇನುನೊಣದ ‘ಫೆಂಗ್’ ಪದವಿ ದಯಪಾಲಿಸುವುದು ಎಂಬ ಪದವನ್ನೂ, ಕೋತಿಯ ‘ಹೌ’ ಸಾಮಂತ ಪದವಿಯ ಹೆಸರನ್ನೂ ಹೋಲುತ್ತವೆ. ನೋಡುವ ಕಣ್ಣಿಗೆ ತಮಾಷೆಯಾಗಿ ಕಾಣುವ ಚಿತ್ರ ಓದಿದಾಗ ‘ಕೂಡಲೇ ನಿನಗೆ ದೊಡ್ಡ ಪದವಿ ದೊರೆಯಲಿ’ ಎಂಬ ಪೂರ್ಣ ವಾಕ್ಯವಾಗುತ್ತದೆ. ದೊಡ್ಡ ಕೋತಿಯ ಬೆನ್ನಿನ ಮೇಲೆ ಮರಿಕೋತಿ ಇದ್ದರೆ, ಬೆನ್ನು ಮತ್ತು ತಲೆಮಾರು ಎಂಬ ಪದಗಳ ಸಾಮ್ಯದಿಂದ ‘ತಲೆತಲಾಂತರಕ್ಕೂ ಪದವಿ ಸಲ್ಲಲಿ’ ಎಂದಾಗುತ್ತದೆ. ಹಾಗೆಯೇ ಬಳ್ಳಿಯ ಕಾಯಿಯೊಡನೆ ಚಿಟ್ಟೆ ವಂಶಾಭಿವೃದ್ಧಿಯ ಹಾರೈಕೆ. ತಾವರೆಯೊಡನೆ ಮೀನು ವರ್ಷವರ್ಷವೂ ಮಿಗುವ ಸಮೃದ್ಧಿಯ ಹಾರೈಕೆ.

ಈ ರಚನೆಗಳನ್ನು ನಮ್ಮ ಒಗಟಿನೊಡನೆ ಹೋಲಿಸುವ ಆಸೆ ಸಹಜವಾದುದು. ಆದರೆ ವ್ಯತ್ಯಾಸವನ್ನು ಮರೆಯಬಾರದು. ಕನ್ನಡದ ಒಗಟು ಬಹುಮಟ್ಟಿಗೆ ರೂಪಸಾಮ್ಯ ಮತ್ತು ಗುಣಸಾಮ್ಯಗಳ ಮೇಲೆ ನಿಂತಿದೆ. ನಮ್ಮ ಆಚರಣೆಗಳಲ್ಲಿ ಬಳಸುವ ಅರಿಸಿನ, ತೆಂಗಿನಕಾಯಿ, ಮಡಿಲಕ್ಕಿ ಮೊದಲಾದವು ಶುಭವಾಗುವುದೂ ಸಂಪ್ರದಾಯ ಮತ್ತು ಗುಣದ ಬಲದಿಂದ. ಸಂಕ್ರಾಂತಿಯಂದು ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡಲು ಹೇಳುವಾಗ ಎಳ್ಳು ಮತ್ತು ಒಳ್ಳೆ ಎಂಬ ಪದಗಳ ಪ್ರಾಸ ನಮಗೂ ಹಿತವಾಗಿ ಕೇಳಿಸುತ್ತದೆ. ಆದರೆ ಅಲ್ಲಿ ಅರ್ಥವನ್ನು ಹೊರುವುದು ಬೆಲ್ಲದ ಸಿಹಿ. ಚೀನೀ ಕುಪ್ಪಿಯಲ್ಲಿ ಸದ್ದೇ ಅರ್ಥದ ಮುಖ್ಯ ವಾಹಕ. ಏಕಾಕ್ಷರ ಪದಗಳೂ ಸಮಧ್ವನಿ ಪದಗಳೂ ಹೇರಳವಾಗಿರುವ ಭಾಷೆಯಲ್ಲಿ ಮಾತ್ರ ಇಷ್ಟು ವಿಸ್ತಾರವಾದ ಶ್ಲೇಷೆಯ ವ್ಯವಸ್ಥೆ ಬೆಳೆಯಲು ಸಾಧ್ಯ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಪ್ಲಮ್ ಮರದ ಕೊಂಬೆಯ ಮೇಲೆ ಕುಳಿತ ಮ್ಯಾಗ್‌ಪೈ ಹಕ್ಕಿಗಳು ‘ಹುಬ್ಬಿನ ತುದಿಯವರೆಗೂ ಸಂತೋಷ’ ಎಂಬ ಮಾತನ್ನು ಸೂಚಿಸುತ್ತವೆ. ಬೀಜಿಂಗ್ ಕಡೆಯ ನುಡಿಯಲ್ಲಿ ಪ್ಲಮ್ ಮತ್ತು ಹುಬ್ಬು ಎರಡಕ್ಕೂ ‘ಮೆಯ್’ ಎಂಬ ಉಚ್ಚಾರಣೆ. ಆದರೆ ಗ್ವಾಂಗ್‌ಚೌ ಕಡೆಯ ಕ್ಯಾಂಟನೀಸ್ ನುಡಿಯಲ್ಲಿ ಪ್ಲಮ್ ‘ಮುಯ್’, ಹುಬ್ಬು ‘ಮೆಯ್’. ಶ್ಲೇಷೆ ಅಲ್ಲಿ ಸರಿಯಾಗಿ ಕೂಡುವುದಿಲ್ಲ. ಆದರೂ ಚಿತ್ರ ಅಲ್ಲಿಯೂ ಶುಭವೇ. ಮಾತಾಗಿ ಹುಟ್ಟಿದ ಆಶಯ ಒಂದು ಹಂತದಲ್ಲಿ ರೂಢಿಯ ಚಿತ್ರವಾಗಿ, ತನ್ನ ಹುಟ್ಟುನುಡಿಯ ಗಡಿಯಾಚೆಗೂ ಸಂಚರಿಸಿದೆ ಎಂದು ಇದರಿಂದ ತಿಳಿಯಬಹುದಾಗಿದೆ. ಕತೆಗಳು ಭಾಷೆಯಿಂದ ಭಾಷೆಗೆ ಹೋಗುವಾಗ ಪ್ರಾಸ ಕಳಚಿ ಆಶಯ ಉಳಿಯುವುದನ್ನು ಜಾನಪದ ವಿದ್ವಾಂಸರು ಬಲ್ಲರು. ಕಲ್ಲಿನ ಮೇಲೂ ನಡೆದಿರುವುದು ಅದೇ ಪ್ರಕ್ರಿಯೆ.

5. ಸಂಗ್ರಾಹಕರ ವಿಮರ್ಶೆ: ಸಾಧನೆ ಮತ್ತು ಮಿತಿ

1911–12ರಲ್ಲಿ ರಾಜಪ್ರಭುತ್ವ ಕೊನೆಗೊಂಡು, ಸಿಗರೇಟಿನ ರೂಢಿ ಹಬ್ಬಿದಂತೆ ಚೀನಾದಲ್ಲಿ ನಶ್ಯದ ಬಳಕೆ ಇಳಿಯಿತು. ಕುಪ್ಪಿಗಳು ಬಳಕೆದಾರರ ಕೈಯಿಂದ ವ್ಯಾಪಾರಿಗಳ ಕೈಗೂ, ಅಲ್ಲಿಂದ ಹೊರದೇಶಗಳ ಸಂಗ್ರಾಹಕರ ಕಪಾಟುಗಳಿಗೂ ಸಾಗಿದವು. ಲಿಲ್ಲಾ ಪೆರಿ ಎಂಬ ಅಮೆರಿಕದ ಸಂಗ್ರಾಹಕಿಯ ಪುಸ್ತಕ 1960ರಲ್ಲಿಯೂ ಬಾಬ್ ಸ್ಟೀವನ್ಸ್ ಅವರ ಸಂಗ್ರಾಹಕರ ಕೈಪಿಡಿ 1976ರಲ್ಲಿಯೂ ಪ್ರಕಟವಾದವು. 1968ರಲ್ಲಿ ಅಮೆರಿಕದಲ್ಲಿ ಈ ಕುಪ್ಪಿಗಳಿಗೆಂದೇ ಒಂದು ಸಂಘ ಸ್ಥಾಪನೆಯಾಯಿತು. ಹ್ಯೂ ಮಾಸ್, ವಿಕ್ಟರ್ ಗ್ರಹಾಂ ಮತ್ತು ಕಾ ಬೋ ತ್ಸಾಂಗ್ ಸೇರಿ ರಚಿಸಿದ, ಮೇರಿ ಮತ್ತು ಜಾರ್ಜ್ ಬ್ಲಾಕ್ ದಂಪತಿಗಳ ಸಂಗ್ರಹದ ಏಳು ಸಂಪುಟಗಳ ಸೂಚಿ 1990ರ ದಶಕದ ಮಧ್ಯಭಾಗದಿಂದ 2009ರವರೆಗೆ ಹೊರಬಂದಿತು. ಆ ಸಂಗ್ರಹ 2010ರಿಂದ ಮುಂದಿನ ವರ್ಷಗಳಲ್ಲಿ ಹಾಂಗ್‌ಕಾಂಗ್‌ನ ಹರಾಜುಗಳಲ್ಲಿ ಚದುರಿಹೋದುದರಿಂದ ಸೂಚಿಯ ಬೆಲೆ ಇನ್ನೂ ಹೆಚ್ಚಿದೆ.

ಈ ಸೂಚಿ ಶ್ಲೇಷೆಗಳನ್ನು ಬಿಡಿಸಿ ಹೇಳುತ್ತದೆ, ಕುಪ್ಪಿಗಳ ಮೇಲಿನ ಬರಹಗಳನ್ನು ಅನುವಾದಿಸುತ್ತದೆ. ಅದರ ಪಾಂಡಿತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಸಂಪುಟ ವಿಭಜನೆ ಬಹುಮಟ್ಟಿಗೆ ಪದಾರ್ಥವನ್ನು ಆಧರಿಸಿದೆ: ಮೊದಲ ಸಂಪುಟ ಜೇಡ್‌ಗೆ, ಮುಂದಿನವು ಬೆಣಚುಕಲ್ಲಿನ ಜಾತಿಗಳಿಗೆ, ಇತರ ಕಲ್ಲುಗಳಿಗೆ, ಗಾಜಿಗೆ. ಕುದುರೆಯ ಮೇಲಿನ ಕೋತಿ ಜೇಡ್‌ನಲ್ಲಿಯೂ ಅಗೇಟ್‌ನಲ್ಲಿಯೂ ಗಾಜಿನಲ್ಲಿಯೂ ಪಿಂಗಾಣಿಯಲ್ಲಿಯೂ ಬರುತ್ತದೆ. ಪದಾರ್ಥವನ್ನು ಆಧರಿಸಿದ ವರ್ಗೀಕರಣದಲ್ಲಿ ಒಂದೇ ಹಾರೈಕೆ ಹಲವು ಸಂಪುಟಗಳಲ್ಲಿ ಹಂಚಿಹೋಗುತ್ತದೆ. ಜನಪದ ಕತೆಗಳನ್ನು ಬರೆದ ಕಾಗದದ ಗುಣಮಟ್ಟಕ್ಕೆ ಅನುಗುಣವಾಗಿ ಯಾರೂ ವರ್ಗೀಕರಿಸುವುದಿಲ್ಲ. ಕಾಗದಕ್ಕಿಂತ ಜೇಡ್‌ಗೆ ಎಷ್ಟೋ ಪಾಲು ಹೆಚ್ಚು ಅರ್ಥವಿದೆ ಎಂಬುದು ನಿಜವಾದರೂ, ಹಾರೈಕೆಯನ್ನು ಆಧರಿಸಿದ ಇನ್ನೊಂದು ಸೂಚಿಯ ಅಗತ್ಯ ಹಾಗೆಯೇ ಉಳಿಯುತ್ತದೆ.

ಕರ್ತೃತ್ವದ ಪ್ರಶ್ನೆಯೂ ಇಷ್ಟೇ ಮುಖ್ಯ. ಬಂಡೆಗಳ ನಡುವಿನ ಭೂದೃಶ್ಯವನ್ನು ಒಂದು ವಿಶಿಷ್ಟ ರೀತಿಯಲ್ಲಿ ಮೂಡಿಸಿರುವ ಜೇಡ್ ಕುಪ್ಪಿಗಳ ಗುಂಪಿಗೆ ಸಂಗ್ರಾಹಕರು ‘ಬಂಡೆಗಳ ಆಚಾರ್ಯನ ಪಂಥ’ ಎಂಬ ಹೆಸರಿಟ್ಟಿದ್ದಾರೆ. ಹೆಸರು ತಿಳಿಯದ ಕುಶಲಕರ್ಮಿಗಳ ಕೆಲಸವನ್ನು ಗುರುತಿಸಲು ಇದು ಉಪಯುಕ್ತವೇ. ಆದರೆ ಒಂದು ಕಾರ್ಯಾಗಾರದ, ಬಹುಶಃ ಹಲವು ತಲೆಮಾರುಗಳ ಸಾಮೂಹಿಕ ಕೆಲಸದ ಹಿಂದೆ ಒಬ್ಬ ‘ಆಚಾರ್ಯ’ನನ್ನು ಕಲ್ಪಿಸದೆ ಬೆಲೆ ಕಟ್ಟಲು ಆಗುವುದಿಲ್ಲ ಎಂಬ ಮನೋಭಾವವನ್ನೂ ಅದು ತೋರುತ್ತದೆ.

ಇದಕ್ಕೆ ಎದುರಾಗಿ ಲು ಝಿಗಾಂಗ್‌ನ ಉದಾಹರಣೆಯನ್ನು ಇಡಬಹುದು. ಈತ ಹದಿನಾರನೆಯ ಶತಮಾನದಲ್ಲಿ ಸುಚೌನಲ್ಲಿದ್ದ ಪ್ರಸಿದ್ಧ ಜೇಡ್ ಕುಶಲಕರ್ಮಿ. ಚಕ್ರವರ್ತಿಯ ವಿರೋಧವಿದ್ದರೂ ತನ್ನ ಹೆಸರನ್ನು ಕಣ್ಣಿಗೆ ಬೀಳದ ಎಡೆಯಲ್ಲಿ ಕೆತ್ತಿ ಪ್ರಾಣ ಕಳೆದುಕೊಂಡನೆಂಬ ಐತಿಹ್ಯ ಅವನ ಬಗ್ಗೆ ಇದೆ. ಅವನ ಹೆಸರಿನ ಮುದ್ರೆ ಕೆಲವು ಜೇಡ್ ನಶ್ಯದ ಕುಪ್ಪಿಗಳ ಮೇಲೂ ಇದೆ. ಅವನ ಕಾಲದಲ್ಲಿ ಚೀನಾದಲ್ಲಿ ನಶ್ಯದ ರೂಢಿಯೇ ಇರಲಿಲ್ಲ. ಆದ್ದರಿಂದ ಅವು ಅವನ ಕೆಲಸವಾಗಿರಲಾರವು. ಸಂಗ್ರಾಹಕನ ವಿಮರ್ಶೆ ಇಲ್ಲಿ ‘ಸುಳ್ಳು ಮುದ್ರೆ’ ಎಂದು ಬರೆದು ನಿಲ್ಲುತ್ತದೆ. ಸರ್ವಜ್ಞನ ಅಂಕಿತದಲ್ಲಿ ಪ್ರಚಾರದಲ್ಲಿರುವ ತ್ರಿಪದಿಗಳೆಲ್ಲವೂ ಒಬ್ಬನೇ ಕವಿಯ ರಚನೆಗಳಲ್ಲವೆಂದು ಬಲ್ಲ ನಾವು ಅಷ್ಟಕ್ಕೆ ನಿಲ್ಲಲಾಗುವುದಿಲ್ಲ. ವ್ಯಕ್ತಿಯ ಹೆಸರು ಕ್ರಮೇಣ ಗುಣಮಟ್ಟದ ಹೆಸರಾಗಿ, ಪರಂಪರೆಯ ಅಂಕಿತವಾಗಿ ಮಾರ್ಪಡುವುದು ಮೌಖಿಕ ಸಂಸ್ಕೃತಿಯ ಚಿರಪರಿಚಿತ ಲಕ್ಷಣ. ಮೋಸದ ವ್ಯಾಪಾರ ಅದರಲ್ಲಿ ಸೇರಿರಲಿಲ್ಲವೆಂದು ಹೇಳಬೇಕಾಗಿಲ್ಲ. ಆದರೆ ಕಾಲನಿರ್ಣಯಕ್ಕೆ ಸುಳ್ಳಾದ ಮುದ್ರೆ ಐತಿಹ್ಯದ ಅಧ್ಯಯನಕ್ಕೆ ಸಾಕ್ಷಿಯಾಗಬಲ್ಲದು.

6. ಸಂಕೇತ ಕೋಶದ ಮಿತಿ

ಚೀನೀ ಆಶಯಗಳನ್ನು ಬಿಡಿಸುವ ಕೆಲಸಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಫ್ರೆಂಚ್ ವಿದ್ವಾಂಸ ಎಡುವಾರ್ ಶವಾನ್ 1901ರಲ್ಲಿ ಚೀನೀ ಜನಪ್ರಿಯ ಕಲೆಯಲ್ಲಿ ಹಾರೈಕೆಗಳ ಅಭಿವ್ಯಕ್ತಿಯನ್ನು ಕುರಿತು ಬರೆದನು. ಜಪಾನಿನ ನೊಝಾಕಿ ಸೇಯ್ಕಿನ್ ಅವರ ಶುಭಚಿತ್ರಗಳ ವಿವರಣೆ 1928ರಲ್ಲಿ ಪ್ರಕಟವಾಯಿತು. ಚೀನೀ ಜನಪದ ಕತೆಗಳ ವರ್ಗಸೂಚಿಯನ್ನು 1937ರಲ್ಲಿ ಹೊರತಂದ ವೋಲ್ಫ್ರಾಂ ಎಬರ್‌ಹಾರ್ಡ್ 1983ರಲ್ಲಿ ಚೀನೀ ಸಂಕೇತಗಳ ಕೋಶವನ್ನೂ ಪ್ರಕಟಿಸಿದರು. ಟೆರೀಸ್ ತ್ಸೆ ಬಾರ್ತಲಮ್ಯೂ ಅವರ ವ್ಯಾಪಕವಾದ ಕೃತಿ 2006ರಲ್ಲಿ ಬಂದಿತು.

ಇವುಗಳಲ್ಲಿ ಶವಾನ್ ಆಯ್ದುಕೊಂಡ ಪದವನ್ನು ವಿಶೇಷವಾಗಿ ಗಮನಿಸಬೇಕು. ಅವನು ಸಂಕೇತ ಎನ್ನದೆ ಹಾರೈಕೆ ಎಂದನು. ಸಂಕೇತಕ್ಕೆ ಅರ್ಥವಿದ್ದರೆ ಸಾಕು. ಹಾರೈಕೆಗೆ ಹಾರೈಸುವವರು ಬೇಕು, ಹಾರೈಸಿಕೊಳ್ಳುವವರು ಬೇಕು, ಹಾರೈಸುವ ಹೊತ್ತು ಬೇಕು. ಕೋಶ ಈ ಮೂರನ್ನೂ ಬಿಟ್ಟು ಅರ್ಥವನ್ನು ಮಾತ್ರ ಕೊಡುತ್ತದೆ. ಕುದುರೆಯ ಮೇಲಿನ ಕೋತಿಯ ಕುಪ್ಪಿಯನ್ನು ಪರೀಕ್ಷೆಗೆ ಹೊರಟ ಯುವಕನಿಗೆ ಹಿರಿಯರು ಕೊಟ್ಟರೆ ಅದು ಆಶೀರ್ವಾದ. ಅದನ್ನೇ ಕೆಳಗಿನ ಅಧಿಕಾರಿ ಮೇಲಿನವನಿಗೆ ಕೊಟ್ಟರೆ ಮುಖಸ್ತುತಿ, ಕೆಲವೊಮ್ಮೆ ಲಂಚದ ಸಭ್ಯ ರೂಪ. ತಾನೇ ಕೊಂಡು ತನ್ನ ಸೊಂಟದ ಚೀಲದಲ್ಲಿ ಇಟ್ಟುಕೊಂಡರೆ ಅದು ಬಯಕೆ. ಪದವಿ ಕಳೆದುಕೊಂಡವನ ಮುಂದೆ ಇಟ್ಟರೆ ಅಣಕ. ಕೆತ್ತನೆ ಒಂದೇ, ಕೋಶದ ಅರ್ಥವೂ ಒಂದೇ; ಆದರೆ ನಾಲ್ಕು ಸಂದರ್ಭಗಳಲ್ಲಿ ನಾಲ್ಕು ಮ��ತುಗಳು. ಗಾದೆಯ ಅರ್ಥ ಗಾದೆಯೊಳಗೆ ಮಾತ್ರವಿಲ್ಲ, ಅದನ್ನು ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದರಲ್ಲಿದೆ ಎಂದು ಜಾನಪದ ಅಧ್ಯಯನ ಕಲಿತ ಪಾಠವನ್ನು ಈ ಕುಪ್ಪಿಗಳಿಗೂ ಅನ್ವಯಿಸಬೇಕಾಗಿದೆ.

7. ಮಂಗೋಲಿಯದ ಸಾಕ್ಷ್ಯ

ಸಂದರ್ಭವೆಲ್ಲವೂ ಅಳಿದುಹೋಗಿರುವಾಗ ಈ ಮಾತು ಕೇವಲ ಊಹೆಯಲ್ಲವೇ ಎಂಬ ಆಕ್ಷೇಪ ಏಳಬಹುದು. ಇದಕ್ಕೆ ಭಾಗಶಃ ಉತ್ತರ ಮಂಗೋಲಿಯದಲ್ಲಿ ದೊರೆಯುತ್ತದೆ. ಚಿಂಗ್ ಆಳ್ವಿಕೆಯ ಕಾಲದಲ್ಲಿ ಅಲ್ಲಿಗೆ ಹರಡಿದ ನಶ್ಯದ ಕುಪ್ಪಿಯ ಬಳಕೆ ಅಲ್ಲಿ ಇಂದಿಗೂ ಜೀವಂತವಾಗಿದೆ. ‘ಖೊರೊಗ್’ ಎಂದು ಕರೆಯಲಾಗುವ ಈ ಕುಪ್ಪಿಗಳು ಜೇಡ್, ಅಗೇಟ್ ಮೊದಲಾದ ಕಲ್ಲುಗಳವು. ರೇಷ್ಮೆಯ ಉದ್ದನೆಯ ಚೀಲದಲ್ಲಿ ಅವನ್ನು ಇಟ್ಟುಕೊಳ್ಳುತ್ತಾರೆ. ಹೊಸ ವರ್ಷದ ‘ಚಾಗಾನ್ ಸಾರ್’ ಹಬ್ಬದಲ್ಲಿ, ಅತಿಥಿಗಳು ಮನೆಗೆ ಬಂದಾಗ, ಪರಸ್ಪರ ಕುಪ್ಪಿಗಳನ್ನು ವಿನಿಮಯ ಮಾಡಿಕೊಂಡು ಕುಶಲ ವಿಚಾರಿಸುತ್ತಾರೆ. ಬಿರಡೆಯನ್ನು ತುಸು ಸಡಿಲಿಸಿ ಬಲಗೈಯಿಂದ ನೀಡಬೇಕು. ಪಡೆದವರು ನಶ್ಯ ಸೇದದವರಾದರೂ ಮೂಗಿನ ಬಳಿಗೆ ಒಯ್ದು, ಕುಪ್ಪಿಯನ್ನು ಮೆಚ್ಚಿಕೊಂಡು ಹಿಂತಿರುಗಿಸಬೇಕು. ಎಲೆ ಅಡಿಕೆ ಹಾಕದವರೂ ತಾಂಬೂಲಕ್ಕೆ ಕೈಯೊಡ್ಡುವ ನಮ್ಮ ರೂಢಿಯನ್ನು ಬಲ್ಲವರಿಗೆ ಇದರ ಒಳಾರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಶ್ಯ ನೆಪ. ಕೊಟ್ಟು ಕೊಳ್ಳುವುದೇ ಆಚರಣೆ.

ಮಂಗೋಲಿಯದ ಇಂದಿನ ರೂಢಿಯನ್ನು ಹದಿನೆಂಟನೆಯ ಶತಮಾನದ ಬೀಜಿಂಗ್‌ಗೆ ನೇರವಾಗಿ ಹೊರಿಸುವುದು ಸರಿಯಲ್ಲ. ಎರಡೂ ಬೇರೆ ಸಮಾಜಗಳು. ಮಂಗೋಲ್ ಭಾಷೆಯಲ್ಲಿ ಬಾವಲಿ ಮತ್ತು ಭಾಗ್ಯದ ಶ್ಲೇಷೆಯೂ ಇಲ್ಲ. ಆದರೆ ಈ ವಸ್ತುವಿನ ಅರ್ಥ ಅದರ ಚಲನೆಯಲ್ಲಿದೆ ಎಂಬುದಕ್ಕೆ ಅಲ್ಲಿನ ಆಚರಣೆ ಪ್ರತ್ಯಕ್ಷ ಸಾಕ್ಷಿ. ಗಾಜಿನ ಕಪಾಟಿನಲ್ಲಿ ನಿಂತ ಕುಪ್ಪಿ ಕಳೆದುಕೊಂಡಿರುವುದು ಏನನ್ನು ಎಂಬುದನ್ನು ಅಲ್ಲಿನ ಸಾಮಾನ್ಯ ಕುರುಬನ ಕೈಯಲ್ಲಿರುವ ಕುಪ್ಪಿ ತೋರಿಸಿಕೊಡುತ್ತದೆ.

8. ಈ ಓದಿನ ಗಡಿಗಳು

ಪ್ರತಿಯೊಂದು ಕುಪ್ಪಿಯನ್ನೂ ಹಾರೈಕೆಯೆಂದು ಓದಲು ಹೊರಡುವುದು ಮತ್ತೊಂದು ಅತಿರೇಕವಾಗುತ್ತದೆ. ಯಾವ ಅಲಂಕಾರವೂ ಇಲ್ಲದ, ಕೇವಲ ನುಣುಪಾದ ಬಿಳಿಯ ಜೇಡ್ ಕುಪ್ಪಿಗಳು ಅನೇಕ ಇವೆ; ರಸಿಕರು ಅವನ್ನು ಬಹಳ ಮೇಲ್ಮಟ್ಟದವೆಂದು ಎಣಿಸುತ್ತಾರೆ. ಅಲ್ಲಿ ಓದುವುದಕ್ಕೆ ಆಶಯವಿಲ್ಲ. ಜೇಡ್‌ನ ನುಣುಪನ್ನೂ ಕಾಂತಿಯನ್ನೂ ಸಜ್ಜನರ ಗುಣಗಳಿಗೆ ಹೋಲಿಸುವ ಕನ್‌ಫ್ಯೂಶಿಯನ್ ಪರಂಪರೆ ಅಲ್ಲಿ ಹಿನ್ನೆಲೆಯಾಗಿರುತ್ತದೆ. ಕೈಯಲ್ಲಿ ಹಿಡಿದಾಗ ಮೊದಲು ತಣ್ಣಗಿದ್ದು ಆಮೇಲೆ ಮೈಬಿಸುಪನ್ನು ಪಡೆಯುವ ಕಲ್ಲಿನ ಸ್ಪರ್ಶವೇ ಅದರ ಸಾರ. ಇದನ್ನು ಜಾನಪದದ ತೆಕ್ಕೆಗೆ ಬಲವಂತವಾಗಿ ಎಳೆಯಬೇಕಾಗಿಲ್ಲ.

ಇನ್ನೊಂದು ಗಡಿ ಭಾರತಕ್ಕೆ ಸಂಬಂಧಿಸಿದ್ದು. ಚಿಯೆನ್‌ಲುಂಗ್ ಚಕ್ರವರ್ತಿ ಮೊಗಲ್ ಜೇಡ್ ಪಾತ್ರೆಗಳನ್ನು ಬಹಳವಾಗಿ ಮೆಚ್ಚಿದ್ದನು. ‘ಹಿಂದೂಸ್ಥಾನ’ದ ಜೇಡ್ ಕುರಿತು ಅವನು ಹಲವು ಕವಿತೆಗಳನ್ನು ರಚಿಸಿದನು. ಮೊಗಲ್ ಶೈಲಿಯ ಎಲೆಗಳನ್ನೂ ಹೂವಿನ ದಳಗಳನ್ನೂ ತೆಳುವಾಗಿ ಮೂಡಿಸಿದ ಚೀನೀ ಜೇಡ್ ವಸ್ತುಗಳು, ನಶ್ಯದ ಕುಪ್ಪಿಗಳೂ ಸೇರಿದಂತೆ, ಆ ಪ್ರಭಾವದಿಂದ ಹುಟ್ಟಿದವು. ಮೊಗಲರ ಆ ಎಲೆಗಳಿಗೆ ಚೀನೀ ನುಡಿಯಲ್ಲಿ ಯಾವ ಶುಭಪದದ ಸದ್ದೂ ಇಲ್ಲ. ಅವು ಅಲ್ಲಿ ನುಡಿಯದೆ ಉಳಿದ ಅಲಂಕಾರಗಳು. ಚೀನೀ ಕುಪ್ಪಿಯ ಮೇಲೆ ಯಾವುದು ಮಾತು, ಯಾವುದು ಅಲಂಕಾರ ಎಂಬುದನ್ನು ಬೇರ್ಪಡಿಸಿ ನೋಡಲು ಈ ಭಾರತೀಯ ಮೂಲದ ರೂಪಗಳೇ ಉತ್ತಮ ಒರೆಗಲ್ಲು.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ನಿರ್ಣಯಗಳನ್ನು ತಲುಪಬಹುದಾಗಿದೆ. ಜೇಡ್ ನಶ್ಯದ ಕುಪ್ಪಿಯ ಕೆತ್ತನೆಯನ್ನು ಅದು ಹುಟ್ಟಿದ ನುಡಿಯ ಸದ್ದಿನೊಡನೆ ದಾಖಲಿಸದಿದ್ದರೆ ದಾಖಲೆ ಅಪೂರ್ಣ. ಅರ್ಥವನ್ನು ದಾಖಲಿಸಿದರೂ ಕೊಟ್ಟವರು, ಪಡೆದವರು, ಸಂದರ್ಭ ಇವುಗಳಿಗೆ ಸ್ಥಳ ಇರಿಸದಿದ್ದರೆ ಹಾರೈಕೆ ಸಂಕೇತವಾಗಿ ಒಣಗುತ್ತದೆ. ಆ ಮಾಹಿತಿ ದೊರೆಯದಿದ್ದಾಗ ಸ್ಥಳವನ್ನು ಖಾಲಿಯಾಗಿ ಬಿಡುವುದೂ ಒಂದು ದಾಖಲೆಯೇ. ಏನು ಕಳೆದುಹೋಗಿದೆ ಎಂಬುದು ಆಗ ಮುಂದಿನ ಸಂಶೋಧಕನಿಗೆ ಕಾಣುತ್ತದೆ.

ನಮ್ಮ ನಾಡಿನ ಜಾನಪದ ವಸ್ತು ಸಂಗ್ರಹಗಳಿಗೂ ಈ ಮಾತು ಅನ್ವಯಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮೊದಲಾದ ಸಂಸ್ಥೆಗಳ ಸಂಗ್ರಹಗಳು ಹಿರಿಯರ ದುಡಿಮೆಯಿಂದ ನಮಗೆ ದೊರೆತಿವೆ. ಚೀನೀ ಕುಪ್ಪಿಗಳ ಸಂದರ್ಭವನ್ನು ಹೇಳಬಲ್ಲವರು ಇಂದು ಉಳಿದಿಲ್ಲ. ನಮ್ಮಲ್ಲಿ ಒಂದು ಒಡಪನ್ನು ಹೇಳುತ್ತ ಮೊರ ನೀಡಿದವರು, ಒಂದು ಹರಕೆಯ ಮಾತಿನೊಡನೆ ತೊಟ್ಟಿಲು ಕಟ್ಟಿದವರು ಇನ್ನೂ ಇದ್ದಾರೆ. ಇನ್ನು ಹೆಚ್ಚು ಕಾಲ ಇರುವುದಿಲ್ಲ. ಮೊರದ ಅಳತೆಯನ್ನೂ ತೊಟ್ಟಿಲಿನ ಮರದ ಜಾತಿಯನ್ನೂ ಮುಂದೊಮ್ಮೆ ಯಾರಾದರೂ ಗುರುತಿಸಿಯಾರು. ಅವುಗಳೊಡನೆ ಆಡಿದ ಮಾತನ್ನು ಇಂದೇ ಬರೆದಿಡಬೇಕು.